ನರ್ಸಬಾಯಿ ಅವ್ವನಿಗೆ ತೋರಿಸಿದ ಗ್ರಹಣ

ಮೂಗಿನ ಬುಡದಿಂದ ಮೇಲ್ತುಟಿಯ ಅಂಚಿನವರೆಗೆ ಇಳಿದ ಒಂದು ಬಿಳಿ ಗೆರೆ. ನರ್ಸಬಾಯಿ ನಕ್ಕಾಗ ಇಡೀ ಮುಖ ಅಗಲವಾಗುತ್ತಿತ್ತು, ಆ ಗೆರೆ ಮಾತ್ರ ಅಲುಗದೆ ನೆಟ್ಟಗೆ ನಿಂತಿರುತ್ತಿತ್ತು. ಸೀಳುತುಟಿಯೊಂದಿಗೆ ಹುಟ್ಟಿದವರು. ನರ್ಸಿಂಗ್ ಕಲಿಯಲು ಬೆಳಗಾವಿಗೆ ಬಂದಾಗ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ತಾವೇ ಡಾಕ್ಟರರ ಮುಂದೆ ಹೋಗಿ ಕುಳಿತು ಹೊಲಿಸಿಕೊಂಡಿದ್ದರಂತೆ.

ರಾಮತೀರ್ಥ ನಗರದಲ್ಲಿ ನಮ್ಮ ಬಾಜು ಮನೆಯೇ ಅವರದು. ಅವರು, ಅವರ ಅವ್ವ, ಇಬ್ಬರೇ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಖಾನಾಪುರ ತಾಲ್ಲೂಕಿನ ಹಳ್ಳಿಗಳಿಗೆ ಡ್ಯೂಟಿಗೆ ಹೋಗುತ್ತಿದ್ದರು. ಪಾರಿಶ್ವಾಡದ ಸುತ್ತಮುತ್ತ ಎಷ್ಟು ಬಸುರಿಯರಿದ್ದರೋ ಅಷ್ಟೂ ಅಡಿಗೆಮನೆ ಅವರಿಗೆ ಗೊತ್ತಿದ್ದವು. ಯಾರ ಮನೆಗೆ ಹೋದರೂ ಮೊದಲು ಗಡಿಗೆಯ ಮುಚ್ಚಳ ತೆಗೆಯುವುದು ಅವರ ರೂಢಿ. "ಬಿಪಿ ಆಮ್ಯಾಲೆ ನೋಡೂಣು. ಪಲ್ಯಾ ಏನ ಮಾಡೀರಿ, ಮೊದಲ ತೋರಸ್ರಿ" ಎನ್ನುತ್ತಿದ್ದರು. ನನ್ನ ಹೆಂಡತಿ ಬಸುರಿಯಾದಾಗ ನಮ್ಮ ಗಡಿಗೆಗಳೂ ತಪಾಸಣೆಗೆ ಒಳಗಾದವು.

ಅವರ ಮಾತು ನಡೆಯದಿದ್ದದ್ದು ಗ್ರಹಣದ ದಿನ. ಆವತ್ತು ಬಸುರಿಯರನ್ನು ಕತ್ತಲೆಕೋಣೆಗೆ ಹಾಕಿ, ನೀರೂ ಕೊಡದೆ ಅಂಗಾತ ಮಲಗಿಸುವ ಮನೆಗಳು ಬಹಳ. "ಏನೂ ಆಗೂದಿಲ್ಲ, ಬಾಗ್ಲಾ ತಗೀರಿ" ಎಂದು ಇವರು ಹೇಳಿದರೆ ಅತ್ತೆಯರು ಇವರ ತುಟಿಯನ್ನೇ ನೋಡಿ, "ಬಾಯಾರ, ನಿಮ್ಮ ಮಾರಿನಽ ಹೇಳತೈತೆಲ್ಲರಿ" ಎನ್ನುತ್ತಿದ್ದರು.

ಅದಕ್ಕಿಂತ ದೊಡ್ಡ ಸೋಲು ಮನೆಯೊಳಗೇ ಇತ್ತು. ಶರಣರ ಹಾದಿ ಹಿಡಿದ ಮನೆತನ ಅವರದು. "ನಮಗ ಗ್ರಹಣಾ-ಗಿರಣಾ ಇಲ್ಲ" ಎನ್ನುತ್ತಿದ್ದ ಅಜ್ಜ, ಒಂದು ಗ್ರಹಣದ ಹೊತ್ತಿನಲ್ಲಿ ಬಸುರಿ ಸೊಸೆಗೆ ಎಂದಿನಂತೆ ಅಡಿಗೆ ಮಾಡಲು ಹೇಳಿದರು. ಸೊಸೆ ಬದನೆಕಾಯಿ ಹೆಚ್ಚಿದಳು. ಮುಂದೆ ಹುಟ್ಟಿದ ಮಗಳ ತುಟಿ ಸೀಳಿತ್ತು. ಗ್ರಹಣದಾಗ ಹೆಚ್ಚಿದ್ದಕ್ಕಽ ಹಿಂಗಾತು ಎಂದು ಓಣಿ ಬಾಯಿ ಬಿಟ್ಟಿತು. ಅಂದಿನಿಂದ ಅವ್ವ ಬದನೆಕಾಯಿ ಮುಟ್ಟಲಿಲ್ಲ, ಮಗಳ ಮುಖವನ್ನು ನೆಟ್ಟಗೆ ನೋಡಿ ಮಾತಾಡಲಿಲ್ಲ. ಐವತ್ತು ವರ್ಷ.

"ಮೂವತ್ತ ವರ್ಷಾತ್ರಿ ಸರ, ಅವ್ವಗ ಹೇಳಿ ಹೇಳಿ," ನರ್ಸಬಾಯಿ ಒಮ್ಮೆ ಅಂದರು. "ಚಿತ್ರಾ ಬರದ ತೋರಿಸೇನಿ. ಹೂಂ ಅಂತಾಳ, ಕಣ್ಣ ಒರಸ್ಕೋತಾಳ. ಆಕಿ ಹೋಗೂದರೊಳಗ ಆ ಕಲ್ಲ ಎದಿ ಮ್ಯಾಲಿಂದ ಇಳಸಬೇಕ್ರಿ."

ಆ ವರ್ಷ ಕಾಶಿಯಲ್ಲಿ ಪೂರ್ಣ ಸೂರ್ಯಗ್ರಹಣ ಕಾಣುತ್ತದೆಂದು ಪೇಪರಿನಲ್ಲಿ ಬಂತು. ನರ್ಸಬಾಯಿ ಅವ್ವನಿಗೆ "ಕಾಶಿ" ಎಂದಷ್ಟೇ ಹೇಳಿ ಟಿಕೀಟು ತೆಗೆಸಿದರು. ನಾನೂ ಹೋದೆ. ಹೋದೆ ಅನ್ನುವುದಕ್ಕಿಂತ ಕಳಿಸಲ್ಪಟ್ಟೆ. ಆರು ತಿಂಗಳ ಬಸುರಿ ಹೆಂಡತಿ ಕೆಮ್ಮಿದರೆ ಆಟೋ ತರುತ್ತಿದ್ದವನು ನಾನು. "ಬಾಯಾರ, ಇವರನ್ನೂ ಕರ್ಕೊಂಡ ಹೋಗ್ರಿ. ನಾಕ ದಿನಾ ನಾ ಉಸಿರಾಡ್ತೇನಿ" ಎಂದು ಆಕೆ ಕೈಮುಗಿದಳು. ಹೊರಡುವ ಮೊದಲು ಕಿಟಕಿಗೆ ಎರಡು ಚಾದರ ಬಡಿದೆ. ಗ್ರಹಣ ಬಿಡುವತನಕ ಅಲ್ಲಾಡಬೇಡ ಎಂದು ಆಣೆ ಹಾಕಿಸಿಕೊಂಡೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ.

ಪುಣೆಯಲ್ಲಿ ಗಾಡಿ ಬದಲಿಸಿ ಕಾಶಿ ಮುಟ್ಟಿದೆವು. ಆ ಬೆಳಿಗ್ಗೆ ಘಾಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗ್ರಹಣದ ಸ್ನಾನಕ್ಕೆ ಜನ ನೀರಿಗಿಳಿಯುವುದನ್ನು ನೋಡಿದಾಗ ಅವ್ವನಿಗೆ ಎಲ್ಲ ತಿಳಿಯಿತು. "ಮೋಸಾ ಮಾಡಿದಿ, ಹೌದಿಲ್ಲ?" ಎಂದವರೇ ಸೆರಗನ್ನು ಮುಖದ ತುಂಬ ಎಳೆದುಕೊಂಡು, ಸೂರ್ಯನಿಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಬೆಳಕು ತಾಮ್ರದ ಬಣ್ಣಕ್ಕೆ ತಿರುಗಿ, ನೋಡನೋಡುತ್ತ ಆರಿಹೋಯಿತು. ಘಾಟಿನ ತುಂಬ ಕೂಗು ಎದ್ದಿತು. ನಾನು ಗಾಬರಿಯಾಗಿ ಚಪ್ಪಲಿ ಹುಡುಕುತ್ತಿದ್ದೆ. ನರ್ಸಬಾಯಿ ಅವ್ವನ ಮುಂದೆ ಮೊಣಕಾಲೂರಿ ಕುಳಿತಿದ್ದರು.

"ಅವ್ವಾ, ಐವತ್ತ ವರ್ಷ ಇದರ ಹೆಸರಿಲೆ ಅತ್ತಿ. ಒಂದ ಸಲಾ ಅದರ ಮಾರಿ ನೋಡ. ಮೂರ ನಿಮಿಷದಾಗ ಹೋಗಿ ಬಿಡತೈತಿ."

ಸೆರಗು ಸರಿಯಿತು. ಅವ್ವ ತಿರುಗಿ ಕತ್ತೆತ್ತಿದರು. ತೆಳ್ಳನೆಯ ಮೋಡದ ಹಿಂದೆ ಕರಿ ಬಿಲ್ಲೆ, ಅದರ ಸುತ್ತ ಬೆಳ್ಳಗಿನ ಪ್ರಭೆ.

"ಇದಽ ಏನು?"

"ಇದಽ."

"ಇಷ್ಟಽ?"

ಅವ್ವ ಇನ್ನೊಂದಿಷ್ಟು ನೋಡಿದರು. "ರೊಟ್ಟಿ ಹಂಚಿನಷ್ಟೂ ಇಲ್ಲಲ್ಲಽ. ಅಷ್ಟ ದೂರಿಂದ ಇದಕ್ಕ ನನ್ನ ಬದನಿಕಾಯಿ ಹೆಂಗ ಕಂಡಿತ್ತ?"

ಸೂರ್ಯನ ಅಂಚು ಮಿಂಚಿತು. ನರ್ಸಬಾಯಿ ಅವಸರದಿಂದ ಅವ್ವನ ಕಣ್ಣಿಗೆ ಕೈ ಅಡ್ಡ ಹಿಡಿದರು. ನಾನು ಮನೆಗೆ ಫೋನು ಹಚ್ಚಿ, "ನೆಟ್ಟಗ ಮಲಗೀಯಿಲ್ಲೋ? ಇನ್ನೂ ಪೂರ್ತಿ ಬಿಟ್ಟಿಲ್ಲ" ಎನ್ನುತ್ತಿದ್ದೆ. ಅವ್ವ ಫೋನು ಕಸಿದುಕೊಂಡರು.

"ಏಳವ್ವಾ. ಎದ್ದ ಚಾ ಕುಡಿ, ಕಿಡಕಿ ತಗಿ. ಈಗಷ್ಟ ಅದನ್ನ ಕಣ್ಣಾರೆ ನೋಡೇನಿ, ಸಣ್ಣದೈತಿ. ನಿನ್ನ ಗಂಡನ ಮಾತ ಕೇಳಬ್ಯಾಡ."

ಆ ಹೊತ್ತಿಗೆ ನನ್ನ ಹೆಂಡತಿಯದು ಎರಡನೆಯ ಚಹಾ ಆಗಿತ್ತೆಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ.

ಮರಳುವಾಗ ಗಾಡಿಯಲ್ಲಿ ಅವ್ವ ಮಗಳ ಎದುರು ಕುಳಿತು ಮುಖವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ, "ಹೊಲಿಗಿ ಚಲೋ ಹಾಕ್ಯಾರ" ಎಂದರು. ನರ್ಸಬಾಯಿ ನೀರು ತರುವ ನೆಪದಲ್ಲಿ ಎದ್ದುಹೋದರು, ಬಾಟಲಿ ಸೀಟಿನ ಮೇಲೆಯೇ ಉಳಿದಿತ್ತು.

ಮುಂದಿನ ಗ್ರಹಣಕ್ಕೆ ಅವ್ವ ಮಗಳ ಜೊತೆ ಬಸ್ಸು ಹತ್ತಿ ಪಾರಿಶ್ವಾಡಕ್ಕೆ ಹೋಗಿ, ಮನೆಮನೆಯ ಬಾಗಿಲು ತೆಗೆಸಿ ಬಂದರು. "ನಾ ಕಲ್ತದ್ದೆಲ್ಲಾ ನೀರಾಗ ಹೋತ್ರಿ ಸರ," ನರ್ಸಬಾಯಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಅವ್ವ 'ಸಣ್ಣದೈತಿ' ಅಂದ್ರ ಸಾಕು, ಅತ್ತಿ ಮಂದಿ ಗಪ್ ಆಗ್ತಾರ."

ಅವ್ವ ಹೋಗಿ ವರ್ಷಗಳಾದವು. ಹೋದ ವರ್ಷ ನರ್ಸಬಾಯಿಯೂ ಹೋದರು. ನನ್ನ ಪಾಲಿನ ಋಣ ಬೇರೆಯೇ ಇದೆ. ಕಾಶಿಯಿಂದ ಬಂದ ಮೂರು ತಿಂಗಳಿಗೆ ನಮ್ಮ ಮಗಳು ಹುಟ್ಟಿದಳು. ಅರಿವೆಯಲ್ಲಿ ಸುತ್ತಿದ ಕೂಸನ್ನು ನರ್ಸಬಾಯಿಯೇ ತಂದು ನನ್ನ ಕೈಗಿಟ್ಟರು. ಹೇಳಲು ನಾಚಿಕೆಯಾಗುತ್ತದೆ, ನಾನು ಮೊದಲು ನೋಡಿದ್ದು ಅದರ ತುಟಿ. ಹಾಗೆ ನೋಡಿದ್ದನ್ನು ಅವರೂ ನೋಡಿದರು.

"ನೋಡೂದ ಆತೇನ್ರಿ ಸರ?"

ನಾನು ಅರಿವೆಯ ಅಂಚನ್ನು ಕೂಸಿನ ಗದ್ದದವರೆಗೆ ಎಳೆದೆ.

"ಸೀಳಿದ್ರ ಏನ ಆಗ್ತಿತ್ರಿ? ಹೊಲಸ್ತಿದ್ವಿ. ಸಾಲಿ ಕಲೀತಿದ್ಲು, ನೌಕರಿ ಮಾಡ್ತಿದ್ಲು, ಅವ್ವನ್ನ ಕಾಶಿಗೆ ಕರ್ಕೊಂಡ ಹೋಗ್ತಿದ್ಲು. ಚಲೋತ್ನಂಗ ಹಿಡೀರಿ ಕೂಸನ್ನ, ಕುತಗಿ ಜೋಲ್ಯಾಡಾಕತ್ತೈತಿ."