ಬೇಗ ಏಳುವವಳಿಗೊಂದು ಪದ

ಬಸರಾಳಿನ ಆಲೆಮನೆಯಲ್ಲಿ ಓದುಬರಹ ಬಾರದ ಸೋಮಮ್ಮನದೇ ಕೊನೆಯ ಮಾತು. ಕುದಿಯುವ ಕಬ್ಬಿನ ಹಾಲಿನ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಬೆಲ್ಲದ ಪಾಕ ಬಂತೆಂದು ಅವಳೇ ಹೇಳಬೇಕು. ಅದಕ್ಕಾಗಿ ಮೂವತ್ತು ವರ್ಷದಿಂದ ಬೆಳಗಿನ ನಾಲ್ಕಕ್ಕೇ ಏಳುತ್ತಾಳೆ.

ಸ್ಪ್ಯಾನಿಷ್ ಕಲಿಯುತ್ತಿರುವ ಮೊಮ್ಮಗಳು ಶೋಭಿತಾ ಮೊನ್ನೆ ಆಲೆಮನೆಗೆ ಬಂದು ಹೇಳಿದಳು: "ಅಜ್ಜಿ, ನಿನ್ನಂಗೆ ಬೇಗ ಏಳೋ ಹೆಂಗಸನ್ನ ಸ್ಪ್ಯಾನಿಷ್ ಮಾತಾಡೋರು ‘ಮದ್ರುಗದೋರಾ’ ಅಂತಾರೆ, ಗಂಡಸಾದ್ರೆ ‘ಮದ್ರುಗದೋರ್’. ಅದು ಹುಟ್ಟಿದ ಲ್ಯಾಟಿನ್ ಪದಕ್ಕೆ ಮಾಗಿಸೋದು, ಬೇಗ ಮಾಡೋದು ಅಂತ ಅರ್ಥ."

ಸೋಮಮ್ಮ ಕೈಯಲ್ಲಿದ್ದ ಉಂಡೆಯನ್ನು ಅವಳ ಅಂಗೈಗಿಟ್ಟಳು. "ಅಷ್ಟು ದೂರದೋರ್ಗೂ ಗೊತ್ತಲ್ಲಾ, ಬುಡು. ನಾಳೆಯಿಂದ ನೀನೂ ನಾಕಕ್ಕೆ ಏಳು, ಪಾಕ ನೋಡೋದ್ನ ಕಲಿಸ್ತೀನಿ. ನೀನು ನಂಗೆ ಅಕ್ಸರ ಕಲಿಸು. ನಾನಿನ್ನೂ ಮಾಗ್ಬೇಕು ಕಣವ್ವ."