ಬಲಗೆನ್ನೆಯ ಎರಡು ಫೋಟೋ

ನಮ್ಮ ಸೋದರಮಾವ ತಮ್ಮ ಆಯುಸ್ಸಿನಲ್ಲಿ ತೆರೆದು ನೋಡಿದಷ್ಟು ಬಾಯಿಗಳನ್ನು ದೊಡ್ಡಬಳ್ಳಾಪುರದ ಹಲ್ಲಿನ ಡಾಕ್ಟರುಗಳೆಲ್ಲ ಸೇರಿದರೂ ನೋಡಿರಲಾರರು. ಎಲ್ಲವೂ ಎತ್ತಿನ ಬಾಯಿಗಳು. ಮಧುರೆ ಹೋಬಳಿಯಲ್ಲಿ ಅವರು ದನದ ದಳ್ಳಾಳಿ. ಘಾಟಿಯ ಜಾತ್ರೆಯಲ್ಲಿ ದನ ಸೇರಿದಾಗ ಅವರು ಒಂದು ಜೊತೆಯ ಮುಂದೆ ನಿಂತು, ತುಟಿ ಎತ್ತಿ, ನಾಲ್ಕು ಹಲ್ಲೋ ಆರು ಹಲ್ಲೋ ಎಲ್ಲ ಹಲ್ಲೂ ಬಂದು ಬಾಯಿಗೂಡಿದೆಯೋ ಎಂದು ಹೇಳುವುದಕ್ಕೆ ಎಲೆಯಡಿಕೆ ಉಗುಳಿ ಬರುವಷ್ಟು ಹೊತ್ತು ಸಾಕಿತ್ತು. ಕಿವಿ ಮುಟ್ಟಿ ಜ್ವರ ಹೇಳುತ್ತಿದ್ದರು, ಸಗಣಿ ನೋಡಿ ಹೊಟ್ಟೆಯ ಸಂಗತಿ ಹೇಳುತ್ತಿದ್ದರು, ಮೂತಿ ಒಣಗಿದ್ದರೆ ಹಗ್ಗ ಮುಟ್ಟದೆ ಮುಂದೆ ನಡೆಯುತ್ತಿದ್ದರು. ಚುಚ್ಚದೆ, ಕೊಯ್ಯದೆ, ರೋಗ ತಲೆಯೆತ್ತುವ ಮೊದಲೇ ಅದನ್ನು ಹಿಡಿಯುವ ವಿದ್ಯೆ ಈಗ ಹೊಸದಾಗಿ ಬಂದಿದೆ ಎಂದು ಬೆಂಗಳೂರಿನವರು ನಮ್ಮೂರಿಗೆ ಬಂದು ಹೇಳಿದಾಗ ನನಗೆ ನಗು ಬಂದದ್ದು ಅದಕ್ಕೇ.

ಅವರು ಬಂದದ್ದು ಒಂದು ಭಾನುವಾರ, ಯಾವುದೋ ಕಂಪನಿಯ ಧರ್ಮದ ಲೆಕ್ಕದಲ್ಲಿ. ಊರಿನ ಹಾಲಿನ ಡೇರಿಗೆ ಬ್ಯಾನರ್ ಕಟ್ಟಿದರು: ಸೂಜಿ ಇಲ್ಲ, ರಕ್ತ ಇಲ್ಲ, ನೋವಿಲ್ಲ, ಬಾಯಿ ಕ್ಯಾನ್ಸರ್ ತಪಾಸಣೆ ಉಚಿತ. ಅಲ್ಲಿಯತನಕ ಆ ಕಟ್ಟಡದಲ್ಲಿ ಪರೀಕ್ಷೆಯಾಗುತ್ತಿದ್ದದ್ದು ಹಾಲು ಮಾತ್ರ. ಬ್ಯಾನರಿನಲ್ಲಿ ನಗುತ್ತಿದ್ದ ಮುಖಂಡರ ಹಲ್ಲುಗಳು ಎಷ್ಟು ಬೆಳ್ಳಗಿದ್ದವೆಂದರೆ ಅವರನ್ನು ತಪಾಸಣೆ ಮಾಡುವ ಅಗತ್ಯವೇ ಇರಲಿಲ್ಲ.

ವಿದ್ಯೆ ಇಷ್ಟೇ. ಫೋನಿನಲ್ಲಿ ಬಾಯೊಳಗಿನ ನಾಲ್ಕು ಫೋಟೋ ತೆಗೆಯಬೇಕು: ಎಡಗೆನ್ನೆ, ಬಲಗೆನ್ನೆ, ನಾಲಿಗೆಯ ಮೇಲೆ, ನಾಲಿಗೆಯ ಕೆಳಗೆ. ಫೋನು ಯೋಚನೆ ಮಾಡುತ್ತದೆ. ಬಿಳಿ ಮಚ್ಚೆ, ಕೆಂಪು ಮಚ್ಚೆ ಇದ್ದರೆ ಕೆಂಪು ಬಣ್ಣ ತೋರಿಸುತ್ತದೆ, ಇಲ್ಲದಿದ್ದರೆ ಹಸಿರು. ಬಂದವರಲ್ಲಿ ಜನ ಕಡಿಮೆ ಬಿದ್ದು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿರುವ ನನ್ನ ಕೈಗೂ ಒಂದು ಫೋನು, ಒಂದು ಜೊತೆ ಗ್ಲೌಸು, ಕೆನ್ನೆ ಅಗಲಿಸಲು ಐಸ್‌ಕ್ಯಾಂಡಿ ಕಡ್ಡಿಯಂಥ ಒಂದು ಕಟ್ಟು ಕಡ್ಡಿ ಕೊಟ್ಟರು. ಕಾಲು ಗಂಟೆಯಲ್ಲಿ ನಾನು ಅರ್ಧ ಡಾಕ್ಟರಾದೆ. ನಮ್ಮ ದೇಶದಲ್ಲಿ ಇದಕ್ಕಿಂತ ಬೇಗ ಆದವರೂ ಇದ್ದಾರೆ.

ಸಾಲಿನಲ್ಲಿ ನಿಂತವರನ್ನು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತಿತ್ತು. ಎಲೆಯಡಿಕೆ, ಬೀಡಿ ಯಾವುದನ್ನೂ ಮುಟ್ಟದವರೆಲ್ಲ ಮೂರು ಸಲ ಹಲ್ಲುಜ್ಜಿ ಬಂದಿದ್ದರು. ಹೊಗೆಸೊಪ್ಪಿನ ಕಡ್ಡಿಪುಡಿಯನ್ನು ದವಡೆಯಲ್ಲಿ ಒತ್ತರಿಸಿಕೊಂಡೇ ನಿದ್ದೆ ಮಾಡುವವರಿಗೆಲ್ಲ ಅವತ್ತೇ ಹೊಲದಲ್ಲಿ ಎಂದೂ ಇಲ್ಲದ ಕೆಲಸ ಹುಟ್ಟಿಕೊಂಡಿತ್ತು.

ಮಾವನೂ ಅವರಲ್ಲೊಬ್ಬರಾಗಬೇಕಿತ್ತು. ನಲವತ್ತು ವರ್ಷದಿಂದ ಅವರ ಎಡದವಡೆ ಕಡ್ಡಿಪುಡಿಯ ಕಣಜ. ಆದರೆ ಊರಿನ ಹಿರಿಯರೆಂದು ದೀಪ ಹಚ್ಚಲು ಅವರನ್ನೇ ಕರೆದರು. ದೀಪಕ್ಕೆ ಮರುಳಾಗಿ ಬಿಳಿ ಪಂಚೆಯುಟ್ಟು ಬಂದವರು, ಮೊದಲ ಬಾಯಿಯೂ ಅವರದೇ ಎಂದು ಮೈಕಿನಲ್ಲಿ ಕೂಗಿದಾಗ ಸಿಕ್ಕಿಬಿದ್ದರು. ಮುಖ ಕಪ್ಪಿಟ್ಟಿತು. ನಮ್ಮ ಕಡೆ ನಾಲ್ಕು ಜನರ ಮುಂದೆ ಬಾಯಿ ತೆರೆಸಿಕೊಂಡು ನಿಲ್ಲುವುದು ಮಾರಾಟಕ್ಕೆ ಬಂದ ಎತ್ತು. ಆ ಅವಮಾನ ಏನೆಂದು ದಳ್ಳಾಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅವರು ಗೋಡೆಗೆ ಎಡಮಗ್ಗುಲು ಕೊಟ್ಟು ಕೂತರು. ನಾನು ಬಲಗೆನ್ನೆಯ ಫೋಟೋ ತೆಗೆದೆ. "ಮಾವ, ಇನ್ನೊಂದು ಕಡೆ" ಎಂದೆ. ಅವರು ಮುಖ ತಿರುಗಿಸಿದರು, ಕೆಮ್ಮಿದರು, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡರು, ಸುತ್ತಿ ಬಳಸಿ ಮತ್ತೆ ಬಲಗೆನ್ನೆಯನ್ನೇ ಬೆಳಕಿಗೆ ಹಿಡಿದರು. ನನಗೆ ತಿಳಿಯಿತು. ಕಡ್ಡಿ ಹಾಕಿ ಎಡಗೆನ್ನೆ ಎಳೆಯಬೇಕಿತ್ತು. ಆದರೆ ಸೋದರಮಾವನ ಬಾಯಿಗೆ ಕಡ್ಡಿ ಹಾಕುವುದು ಹೇಗೆ? ಕಿವಿ ಚುಚ್ಚಿಸುವಾಗ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡವರು, ನನ್ನ ಮದುವೆಯಲ್ಲಿ ಮುಂದೆ ನಿಂತವರು. ನಾನು ಕಡ್ಡಿಯನ್ನು ಜೇಬಿಗೆ ಹಾಕಿಕೊಂಡು ಗುಂಡಿ ಒತ್ತಿದೆ. ಫೋನಿಗೆ ಎಡ ಯಾವುದು ಬಲ ಯಾವುದು ಎಂಬ ಚಿಂತೆ ಇರಲಿಲ್ಲ. ಹಸಿರು ತೋರಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹಸಿರು ಬಂದವರಿಗೆಲ್ಲ ಮುಖಂಡರ ನಗುಮುಖವಿದ್ದ ಒಂದು ಸರ್ಟಿಫಿಕೇಟು ಕೊಟ್ಟರು. ಮಾವ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಪಡಸಾಲೆಯಲ್ಲಿ ದೇವರ ಫೋಟೋಗಳ ಪಕ್ಕ ಮೊಳೆ ಹೊಡೆದರು. ಅತ್ತೆ ಕಡ್ಡಿಪುಡಿ ಬಿಡಿ ಎಂದಾಗಲೆಲ್ಲ ಗೋಡೆಯತ್ತ ಕೈ ತೋರಿಸುವುದು ಶುರುವಾಯಿತು. ಅವರೊಬ್ಬರೇ ಅಲ್ಲ. ಎಂದೋ ಒಮ್ಮೆ ಹಾಕಿಕೊಳ್ಳುತ್ತಿದ್ದ ಇಬ್ಬರು ಮೂವರು, ಹಸಿರು ಬಂದದ್ದೇ ಪರವಾನಗಿ ಸಿಕ್ಕಂತೆ ಹೊತ್ತು ಹೊತ್ತಿಗೂ ಹಾಕಿಕೊಳ್ಳತೊಡಗಿದರು. ಶಿಬಿರದಿಂದ ಊರಲ್ಲಿ ಲಾಭ ಕಂಡವನು ಪೆಟ್ಟಿಗೆ ಅಂಗಡಿಯವನು ಮಾತ್ರ.

ಎರಡು ತಿಂಗಳಾದ ಮೇಲೆ ಅತ್ತೆ ಫೋನು ಮಾಡಿದರು. ಮಾವ ಪಕ್ಕದಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು ಕೇಳಿದರು.

"ಏನಪ್ಪಾ, ನಿಮ್ ಫೋನು ಇವ್ರ ಬಾಯಿ ಚೆನ್ನಾಗೈತೆ ಅಂದಿದ್ದು ನಿಜವೇನು? ಹಂಗಾದ್ರೆ ಮೂಳೆ ಯಾಕೆ ಬಿಟ್ರು?"

ಆಮೇಲೆ ಒಂದೊಂದಾಗಿ ಹೇಳಿದರು. ಮುದ್ದೆ ಉಣ್ಣುವವರ ಮನೆಯಲ್ಲಿ ದವಡೆಯ ರೋಗ ಬೇಗ ಹೊರಗೆ ಬೀಳುವುದಿಲ್ಲ, ಮುದ್ದೆಯನ್ನು ಅಗಿಯುವವರು ಯಾರು, ನುಂಗುವುದಲ್ಲವೇ. ಆದರೆ ಮಾವ ಕೆಲವು ತಿಂಗಳಿಂದ ಖಾರದ ಸಾರಿಗೆ ಮಜ್ಜಿಗೆ ಸುರಿದುಕೊಳ್ಳುತ್ತಿದ್ದರು. ಹುರಿಗಾಳನ್ನು ಮೊಮ್ಮಕ್ಕಳಿಗೆ ಹಂಚಿ ದೊಡ್ಡವರಾಗುತ್ತಿದ್ದರು. ಮೊನ್ನೆ ಬಾಡಿನ ಸಾರು ಮಾಡಿದ ದಿನ, ಮೂಳೆಯ ರಸ ಹೀರದೆ ತಟ್ಟೆ ಬಿಟ್ಟು ಎದ್ದರೆ ಅದು ಊಟವೇ ಅಲ್ಲ ಎನ್ನುತ್ತಿದ್ದ ಮನುಷ್ಯ ಮೂಳೆಯನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿ ಎದ್ದಿದ್ದರು. ಅತ್ತೆ ಇಷ್ಟನ್ನೂ ಯಾವ ಕಡ್ಡಿ, ಯಾವ ಟಾರ್ಚೂ ಇಲ್ಲದೆ ತಟ್ಟೆ ತೊಳೆಯುತ್ತ ಕಂಡುಹಿಡಿದಿದ್ದರು. ಶಿಬಿರದವರು ಊರಿನ ಅಷ್ಟೂ ಬಾಯಿಯ ಫೋಟೋ ತೆಗೆದರು. ಹೆಂಡತಿಯನ್ನು ಒಂದು ಮಾತು ಕೇಳಿ ಎಂದು ಆ ಫೋನಿಗೆ ಯಾರೂ ಕಲಿಸಿರಲಿಲ್ಲ.

ಅತ್ತೆ ಫೋನು ಇಟ್ಟೊಡನೆ ಶಿಬಿರದಲ್ಲಿ ನನಗೆ ಕೆಲಸ ಕಲಿಸಿದ್ದ ಹುಡುಗಿಗೆ ಫೋನು ಮಾಡಿ, ಒಂದು ಫೋಟೋ ತಪ್ಪಾಗಿದೆ, ಆ ಹಸಿರನ್ನು ತೆಗೆಯಿರಿ ಎಂದೆ. ಆಕೆ ಬಹಳ ವಿನಯದಿಂದ, ಒಮ್ಮೆ ಕಳಿಸಿದ ಮೇಲೆ ಬದಲಾಯಿಸಲು ಬರುವುದಿಲ್ಲ ಸಾರ್ ಎಂದಳು. ಕಾಯಿಲೆ ಬದಲಾಗಬಹುದು, ವರದಿ ಬದಲಾಗಬಾರದು. ಇದು ನಮ್ಮ ಕಚೇರಿಯ ನಿಯಮವೂ ಹೌದಾದ್ದರಿಂದ ನಾನು ವಾದಿಸಲಿಲ್ಲ.

ಮಾರನೆಯ ಬೆಳಿಗ್ಗೆ ಊರಿಗೆ ಹೋದೆ. ಮಾವ ಪಡಸಾಲೆಯಲ್ಲಿ ಕೂತಿದ್ದರು. ನಾನು ಮಾತು ತೆಗೆದೊಡನೆ ಅವರ ಕೈ ಗೋಡೆಯತ್ತ ಹೋಯಿತು.

"ಅದ್ರಲ್ಲಿರೋದು ಬಲಗೆನ್ನೆ ಮಾವ. ಎರಡು ಸಲ."

"ಗೊತ್ತು ಕಣ್ಲಾ. ತೋರ್ಸಿದ್ದು ನಾನಲ್ವಾ?" ಎಂದರು. ಜೊತೆಗೆ ಸೇರಿಸಿದರು: "ನಿಂಗೂ ಗೊತ್ತಾಯ್ತು ಅಂತ ನಂಗೂ ಗೊತ್ತಾಯ್ತು."

ಐಬಿರುವ ಎತ್ತನ್ನು ಹೇಗೆ ಕಟ್ಟಬೇಕೆಂಬುದು ಅವರ ಕಸುಬಿನ ಮೊದಲ ಪಾಠ. ಎಡಗಣ್ಣಿಗೆ ಪೊರೆ ಬಂದಿದ್ದರೆ ಎಡಕ್ಕೆ ಗೋಡೆ ಬರುವಂತೆ ಕಟ್ಟಬೇಕು. ಬೇಕಾದವನು ಬಲಗಡೆಯಿಂದ ನೋಡಿಕೊಂಡು ಹೋಗಲಿ. ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಡೇರಿಯ ಗೋಡೆಗೆ ಅವರು ತಮ್ಮನ್ನು ಹಾಗೇ ಕಟ್ಟಿಕೊಂಡಿದ್ದರು. ಇದನ್ನು ಅವರು ನನಗೆ ವಿವರಿಸುವಾಗ ದನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು, ಬೆಂಗಳೂರಿನ ಯಂತ್ರಕ್ಕೆ ಮಧುರೆ ಕಡೆಯ ವ್ಯಾಪಾರ ತೋರಿಸಿದೆನಲ್ಲ ಎಂದು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮಾತಾಡಿದ್ದು ನನ್ನ ಕಡೆ ತಿರುಗಿ.

"ಎತ್ತಿನ ಐಬು ಮುಚ್ಚಿ ಮಾರುದ್ರೆ ಕೊಂಡೋನು ಅನುಭವಿಸ್ತಾನೆ. ಇಲ್ಲಿ ಕೊಂಡೋಳು ನಾನು ಕಣಪ್ಪಾ. ವಾಪಸ್ ಹೊಡ್ಯೋಕೂ ಆಗಲ್ಲ."

ಮಾವ ಎದ್ದು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು ನನ್ನ ಬೈಕಿನ ಹಿಂದೆ ಕೂತರು.

ದೊಡ್ಡಬಳ್ಳಾಪುರದ ಹಲ್ಲಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಶಿಬಿರದ ಬಲಗೆನ್ನೆಯ ಕಥೆಯನ್ನು ನಾನು ಅವರಿಗೆ ಮೊದಲೇ ಮೆಲ್ಲಗೆ ಹೇಳಿದ್ದೆ. ಕುರ್ಚಿಗೂ ಕಾಯುವ ಬೆಂಚಿಗೂ ನಡುವೆ ಅರ್ಧ ಪರದೆ, ಮಿಕ್ಕರ್ಧದಲ್ಲಿ ಆರು ಜೊತೆ ಕಣ್ಣು. ಅದರಲ್ಲಿ ಒಂದು ಜೊತೆ ನಮ್ಮ ಪಕ್ಕದೂರಿನದು. ಮಾವ ಕುರ್ಚಿಯಲ್ಲಿ ಕೂತವರು ಬೀಗ ಹಾಕಿದಂತೆ ತುಟಿ ಮುಚ್ಚಿಕೊಂಡರು. ಡಾಕ್ಟರಮ್ಮ ತಾತ ಎಂದರು, ಸಾರ್ ಎಂದರು, ಗಡಿಯಾರ ನೋಡಿಕೊಂಡರು. ಬಾಯಿ ತೆರೆಯಲಿಲ್ಲ.

ಆಗ ನನಗೆ ಸಂತೆ ನೆನಪಾಯಿತು. ಅಲ್ಲಿ ಬೆಲೆಯನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಇಬ್ಬರ ಕೈಯ ಮೇಲೆ ಟವೆಲು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಹೇಳುವುದು. ಸುತ್ತ ನೂರು ಜನ ನಿಂತಿದ್ದರೂ ವ್ಯವಹಾರ ಇಬ್ಬರದೇ. ನಾನು ಮಾವನ ಹೆಗಲ ಟವೆಲು ತೆಗೆದು ಅವರ ತಲೆ, ಡಾಕ್ಟರಮ್ಮನ ಟಾರ್ಚು, ಕೈ ಎಲ್ಲದರ ಮೇಲೂ ಹೊದಿಸಿದೆ. ಡಾಕ್ಟರಮ್ಮ ಏನೋ ಹೇಳಹೊರಟವರು ತಾವೂ ಅದರೊಳಗೆ ತಲೆ ಹಾಕಿದರು. ಟವೆಲಿನೊಳಗೆ ಬಾಯಿ ತೆರೆಯಿತು.

ಬಹಳ ಹೊತ್ತು ಬೆಳಕು ಒಂದೇ ಕಡೆ ನಿಂತಿತ್ತು. "ಇದು ಎಷ್ಟು ತಿಂಗಳಿಂದ ಇದೆ ತಾತ?" ಎಂದು ಡಾಕ್ಟರಮ್ಮ ಕೇಳಿದರು. ಬಾಯಿ ತೆರೆದವರು ಮಾತಾಡುವುದು ಹೇಗೆ? ಟವೆಲಿನ ಅಂಚಿನಡಿಯಿಂದ ಮಾವನ ಕೈ ಬಂದು ನನ್ನ ಕೈಯನ್ನು ಹುಡುಕಿ ಹಿಡಿಯಿತು. ಮೊದಲು ಐದೂ ಬೆರಳು. ಬಿಟ್ಟು, ಆಮೇಲೆ ಮೂರು.

"ಎಂಟು ತಿಂಗಳು" ಎಂದೆ ಡಾಕ್ಟರಮ್ಮನಿಗೆ. ಮಾವ ನನ್ನ ಕೈ ಬಿಡಲಿಲ್ಲ, ಅಂದರೆ ಲೆಕ್ಕ ಸರಿ.

ಶಿಬಿರ ನಡೆದು ಎರಡೇ ತಿಂಗಳು. ಅಂದರೆ ಆ ಫೋನು, ಆ ಬ್ಯಾನರು, ಅರ್ಧ ಡಾಕ್ಟರಾದ ನಾನು ಬರುವುದಕ್ಕೆ ಆರು ತಿಂಗಳ ಮೊದಲೇ ರೋಗವನ್ನು ಪತ್ತೆ ಹಚ್ಚಿದವರಿದ್ದರು. ಮಾವನ ನಾಲಿಗೆ ದಿನಾ ಹೋಗಿ ಆ ಮಚ್ಚೆಯನ್ನು ತಡವಿ ಬರುತ್ತಿತ್ತು. ಚುಚ್ಚದೆ ಕೊಯ್ಯದೆ ಮೊದಲೇ ಹಿಡಿಯಬೇಕೆಂದು ಜಗತ್ತಿನ ಜಾಣರೆಲ್ಲ ಯಂತ್ರ ಕಟ್ಟುತ್ತಿದ್ದಾರೆ. ಹಿಡಿದದ್ದನ್ನು ಬಾಯಿಬಿಟ್ಟು ಹೇಳಿಸುವ ಯಂತ್ರವನ್ನು ಇನ್ನೂ ಯಾರೂ ಕಟ್ಟಿದಂತಿಲ್ಲ.

ಡಾಕ್ಟರಮ್ಮ ಟವೆಲಿನಿಂದ ಹೊರಗೆ ಬಂದು, ಬಿಳಿ ಮಚ್ಚೆ ಇದೆ, ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಲೇಬೇಕು ಎಂದರು.

"ಸೂಜಿ ಇಲ್ಲ ಅಂತ ಬ್ಯಾನರ್ ಹಾಕಿದ್ರಲ್ಲವ್ವಾ" ಎಂದರು ಮಾವ.

"ಸೂಜಿ ಇಲ್ದೆ ನೋಡೋದನ್ನ ನೀವು ನೋಡೋಕೆ ಬಿಟ್ಟಿಲ್ವಲ್ಲ ತಾತ."

ಮಾವ ತಾವೇ ಟವೆಲು ಎಳೆದುಕೊಂಡು ಮತ್ತೆ ಬಾಯಿ ತೆರೆದರು. ಚೂರು ಹೋಯಿತು. ವರದಿ ಬರುವತನಕದ ಆ ದಿನಗಳಲ್ಲಿ ಅತ್ತೆ ಯಾರೊಂದಿಗೂ ಜಗಳವಾಡಲಿಲ್ಲ, ಅದೇ ಎಲ್ಲರಿಗೂ ಹೆಚ್ಚು ಭಯ ಹುಟ್ಟಿಸಿತು. ಕೊನೆಗೆ ಬಂದದ್ದು ಇಷ್ಟು: ಕ್ಯಾನ್ಸರ್ ಆಗಿಲ್ಲ, ಆಗುವ ದಾರಿ ಹಿಡಿದಿದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮಚ್ಚೆಯನ್ನು ತೆಗೆದರು. ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಕಡ್ಡಿಪುಡಿ ಮುಟ್ಟಕೂಡದು. ಮುಟ್ಟಿದರೆ ಆ ದಾರಿ ಮತ್ತೆ ಅಲ್ಲೇ ಇದೆ ಎಂದರು.

ಈ ನಡುವೆ ಶಿಬಿರದವರ ಕಿರುಪುಸ್ತಕ ಒಂದು ಊರಿಗೆ ಬಂತು. ಒಳಗೆ ಮಾವ ದೀಪ ಹಚ್ಚುತ್ತಿದ್ದ ಫೋಟೋ, ಕೆಳಗೆ ಆರೋಗ್ಯದ ಬಗ್ಗೆ ಜಾಗೃತರಾದ ಗ್ರಾಮದ ಹಿರಿಯರು ಎಂಬ ಸಾಲು. ಕೆನ್ನೆಯಲ್ಲಿ ಹೊಲಿಗೆ ಇದ್ದುದರಿಂದ ಮಾವನಿಗೆ ನಗಲು ಆಗಲಿಲ್ಲ. ಅವರ ಪಾಲಿನದನ್ನೂ ಅತ್ತೆಯೇ ನಕ್ಕರು.

ಮೊದಲ ಮೂರು ತಿಂಗಳ ತಪಾಸಣೆಗೆ ಮೂವರೂ ಹೋದೆವು. ಡಾಕ್ಟರಮ್ಮ ಎಡಗೆನ್ನೆಯನ್ನು ಎಳೆದು ನೋಡಿದರು, ಗಾಯ ಚೆನ್ನಾಗಿ ಮಾಗಿದೆ ಎಂದರು, ಕಡ್ಡಿಪುಡಿಯ ಮಾತು ಕೇಳುವುದನ್ನು ಮರೆತು ಚೀಟಿ ಬರೆಯತೊಡಗಿದರು. ನಾವು ಎದ್ದು ಬಂದಿದ್ದರೆ ಮುಗಿದಿತ್ತು. ಮಾವ ಕುರ್ಚಿಯಿಂದ ಏಳಲಿಲ್ಲ.

"ಡಾಕ್ಟ್ರಮ್ಮ, ಇನ್ನೊಂದು ಬರ್ಕೊಳ್ಳಿ. ಹೋದ ತಿಂಗಳು ಎರಡು ಸಲ ಹಾಕ್ಕೊಂಡೆ."

ಯಾರೂ ಕೇಳದೆ ತನ್ನ ಸರಕಿನ ಐಬನ್ನು ತಾನೇ ಹೇಳಿದ ದಳ್ಳಾಳಿಯನ್ನು ನಾನು ಕಂಡದ್ದು ಅದೊಂದೇ ಸಲ. ಡಾಕ್ಟರಮ್ಮ ಪೆನ್ನು ಎತ್ತಿದರು. ಪರದೆಯ ಆಚೆ, ಬೆಂಚಿನ ಮೇಲಿಂದ ಅತ್ತೆಯ ದನಿ ಬಂತು.

"ಎರಡಲ್ಲ ಕಣವ್ವಾ, ನಾಲ್ಕು ಅಂತ ಬರ್ಕೋ."

ಮಾವ ಪರದೆಯ ಕಡೆಗೊಮ್ಮೆ ನೋಡಿ, ಹೌದೆಂದು ತಲೆಯಾಡಿಸಿದರು.