ಘಟ್ಟದ ಕೆಳಗೆ ಚಪ್ಪಟೆಯಾದ ನಳಿಕೆ

ಕೊರೊನಾ ಹಾವಳಿ ತಣ್ಣಗಾದ ಮರುವರ್ಷ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ, ಪೀರನವಾಡಿಯ ಹತ್ತಿರ, ವೈದ್ಯಕೀಯ ಉಪಕರಣ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಮುಖ್ಯ ಡಿಸೈನ್ ಎಂಜಿನಿಯರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ. ಹೋಗುವ ಮುಂಚೆ ಸ್ಟ್ರೋಕ್ ರೋಗಿಗಳಿಗೆ ನಮ್ಮೂರಿನದೇ ಒಂದು ಕ್ಯಾತಿಟರ್ ಮಾಡಿಕೊಡಬೇಕು ಎಂಬ ಹಟ ನನ್ನದು.

ಕ್ಯಾತಿಟರ್ ಎಂದರೆ ಉದ್ದನೆಯ ತೆಳು ನಳಿಕೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಾಗ ವೈದ್ಯರು ತೊಡೆಯ ಸಂದಿಯಿಂದ ಈ ನಳಿಕೆಯನ್ನು ಅಲ್ಲಿಯವರೆಗೆ ತೂರಿಸಿ, ಹಿಂದಿನ ತುದಿಗೆ ಪಂಪ್ ಜೋಡಿಸಿ, ಹೆಪ್ಪನ್ನು ಹೀರಿ ತೆಗೆಯುತ್ತಾರೆ. ಒಳಗಿನ ರಂಧ್ರ ಅಗಲವಾದಷ್ಟೂ ಹೀರುವ ಬಲ ಹೆಚ್ಚು. ಹೊರಗಿನ ಅಳತೆ ಮಾತ್ರ ಎರಡು ಮಿಲಿಮೀಟರ್ ಆಸುಪಾಸು ದಾಟುವಂತಿಲ್ಲ, ರಕ್ತನಾಳ ಜಾಗ ಕೊಡಬೇಕಲ್ಲ! ಹಾಗಾಗಿ ನಾನು ನಳಿಕೆಯ ಗೋಡೆಯನ್ನೇ ತೆಳುಮಾಡಿದೆ. ಅದು ಕುಸಿಯದಂತೆ ಗೋಡೆಯೊಳಗೆ ಕೂದಲಿಗಿಂತ ಸಣ್ಣ ಲೋಹದ ಎಳೆಯ ಸುರುಳಿ ಇರುತ್ತದೆ.

ಆ ಸುರುಳಿ ಸುತ್ತುತ್ತಿದ್ದವರು ಖಾನಾಪುರದ ಶೋಭಾ. ಮನೆಯಲ್ಲಿ ಮರಾಠಿ, ಕೆಲಸದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಮೈಕ್ರೋಸ್ಕೋಪಿನಲ್ಲಿ ಒಂದೇ ಒಂದು ಸುತ್ತು ಸರಿದಂತೆ ಕಂಡರೂ ಇಡೀ ಎಳೆ ಬಿಚ್ಚಿ ಮೊದಲಿನಿಂದ ಸುತ್ತುವಂಥವರು.

ನಮ್ಮಲ್ಲಿ ಪರೀಕ್ಷೆಯ ಪದ್ಧತಿ ಸರಳ. ನಳಿಕೆಯ ತುದಿ ಮುಚ್ಚು, ಪಂಪ್ ಪೂರ್ತಿ ಹಾಕು, ಹತ್ತು ನಿಮಿಷ ನೋಡು. ಆ ಪದ್ಧತಿಯ ಹಾಳೆ ಬರೆದವನು ನಾನೇ. ಇಪ್ಪತ್ತು ನಳಿಕೆಗಳಲ್ಲಿ ಇಪ್ಪತ್ತೂ ಪಾಸಾದವು. ರೋಗಿಗಳ ಮೇಲೆ ಬಳಸುವ ಮೊದಲು ಹೊರಗಿನ ಪ್ರಯೋಗಾಲಯದ ವರದಿ ಬೇಕು. ಘಟ್ಟದ ಕೆಳಗೆ, ಸಮುದ್ರದ ಮಗ್ಗುಲಲ್ಲಿದ್ದ ಪ್ರಯೋಗಾಲಯವೊಂದಕ್ಕೆ ಆರು ನಳಿಕೆ ಕಳಿಸಿದೆವು. ವಾರದಲ್ಲಿ ಉತ್ತರ ಬಂತು: ಮೂರು ನಳಿಕೆ ತುದಿಯ ಬಳಿ ಚಪ್ಪಟೆಯಾಗಿವೆ, ಫೇಲ್.

ನನ್ನ ತಲೆ ಕೆಟ್ಟುಹೋಯಿತು. ವರದಿ ಹಿಡಿದು ನೇರ ಸುರುಳಿ ಸುತ್ತುವ ಹಾಲ್‌ಗೆ ಹೋಗಿ, ಹದಿನಾಲ್ಕು ಜನರ ಎದುರು ಶೋಭಾ ಅವರ ಮೇಲೆ ಹರಿಹಾಯ್ದೆ. "ಕಣ್ಣು ಎಲ್ಲಿ ಇಟ್ಟಿದ್ದಿ? ಸುರುಳಿ ಸಡ್ಲ ಬಿಟ್ಟು ನನ್ನ ಮಾನಾ ಕಳದಿ. ನಾಳಿಂದ ಈ ಮಷೀನ್ ಮುಟ್ಟಬ್ಯಾಡ!"

ಅವರು ಎದ್ದು ನಿಂತರು. "ಸಾಹೇಬ್ರ, ಸುರುಳ್ಯಾಗ ತಪ್ಪಿಲ್ರೀ. ಖರೇ ಹೇಳತೀನಿ. ಹೊಸಾವು ಆರು ಸುತ್ತತೀನಿ, ಒಂದೊಂದೂ ನೀವ ತಪಾಸ್ ಮಾಡ್ರಿ. ಆಮ್ಯಾಲ ನನ್ನೂ ಅಲ್ಲಿಗೆ ಕರ್ಕೊಂಡ ಹೋಗ್ರಿ. ನನ್ನ ಕಣ್ಣ ಮುಂದ ಮುರದ್ರ, ನಾನ ಕೆಲಸ ಬಿಡತೀನಿ."

ಹನ್ನೊಂದು ವರ್ಷದ ಕೆಲಸವನ್ನು ಪಣಕ್ಕಿಟ್ಟಿದ್ದರು. ನಾನೂ ಹಟಮಾರಿಯೇ, ಆಯಿತು ಎಂದೆ.

ಹೊಸ ಆರು ನಳಿಕೆಗಳ ಪ್ರತಿಯೊಂದು ಸುತ್ತನ್ನೂ ನಾನೇ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಒಂದು ಕುಂದೂ ಸಿಗಲಿಲ್ಲ. ನಮ್ಮ ಪಂಪಿನಲ್ಲಿ ಆರೂ ಪಾಸು. ಮರುದಿನ ಬೆಳಿಗ್ಗೆ ಕಾರಿನಲ್ಲಿ ಹೊರಟು, ಖಾನಾಪುರದಲ್ಲಿ ಶೋಭಾ ಅವರನ್ನು ಹತ್ತಿಸಿಕೊಂಡೆ. ಅವರು ಪ್ಲಾಸ್ಟಿಕ್ ಬಾಟಲಿಯ ನೀರು ಕುಡಿದು ಮುಗಿಸಿ, ಮುಚ್ಚಳ ಬಿಗಿದು ಸೀಟಿನ ಮೇಲಿಟ್ಟರು.

ಘಟ್ಟ ಇಳಿದು ಚಹಾಕ್ಕೆ ನಿಂತಾಗ ಅವರು ನೀರು ತುಂಬಿಸಲು ಬಾಟಲಿ ಎತ್ತಿಕೊಂಡರು. ಅದರ ಮೈ ಒಳಕ್ಕೆ ಕುಗ್ಗಿತ್ತು. "ಅಯ್ಯ, ಇದನ್ನ ಯಾರ ಹಿಚಕಿದ್ರು? ನಾ ಅಂತೂ ಮುಟ್ಟಿಲ್ರೀ ಸಾಹೇಬ್ರ."

ಪಾಠ ಹೇಳುವ ಚಾಳಿ ನನಗೆ. "ಯಾರೂ ಹಿಚಕಿಲ್ಲ. ಮ್ಯಾಲ ಗಾಳಿ ಒತ್ತಡ ಕಡಿಮಿ, ಕೆಳಗ ಜಾಸ್ತಿ. ಹೊರಗಿನ ಗಾಳಿ ಬಾಟ್ಲಿ..." ಎನ್ನುತ್ತಿದ್ದವನು ಕಾರಿನಲ್ಲಿದ್ದ ನಳಿಕೆಗಳತ್ತ ತಿರುಗಿ ನೋಡಿದೆ.

ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು ಏಳುನೂರೈವತ್ತು ಮೀಟರ್ ಮೇಲಿದೆ. ಪಂಪ್ ಪೂರ್ತಿ ಹಾಕಿದಾಗ ನಳಿಕೆಯನ್ನು ಹೊರಗಿನಿಂದ ಒತ್ತುವುದು ಆ ಊರಿನ ಗಾಳಿ. ಪಾದರಸದ ಲೆಕ್ಕದಲ್ಲಿ ನಮ್ಮಲ್ಲಿ ಅದು ಸುಮಾರು 695 ಮಿಲಿಮೀಟರ್, ಸಮುದ್ರದಂಚಿನಲ್ಲಿ 760. ನನ್ನ ಹಾಳೆಯಲ್ಲಿ "ಪೂರ್ತಿ" ಎಂದಷ್ಟೇ ಬರೆದಿದ್ದೆ, ಅಂಕಿ ಬರೆದಿರಲಿಲ್ಲ. ಬೆಳಗಾವಿಯ ಪೂರ್ತಿಯನ್ನೇ ಜಗತ್ತಿನ ಪೂರ್ತಿ ಎಂದುಕೊಂಡಿದ್ದೆ. ಮೂವತ್ತು ವರ್ಷದ ಅನುಭವಕ್ಕೆ ಬೆಂಕಿ ಹಾಕ!

ಪ್ರಯೋಗಾಲಯದಲ್ಲಿ ಪಂಪಿನ ಮುಳ್ಳನ್ನು 695ಕ್ಕೆ ನಿಲ್ಲಿಸಲು ಕೇಳಿದೆ. ಆರೂ ನಳಿಕೆ ಗಟ್ಟಿಯಾಗಿ ನಿಂತವು. ಪೂರ್ತಿ ಏರಿಸಿದಾಗ ಎರಡು ಮಡಚಿಕೊಂಡವು. ಸುರುಳಿ ಸರಿ ಇತ್ತು. ಗೋಡೆಯನ್ನು ಅತಿಯಾಗಿ ತೆಳುಮಾಡಿದವನು ನಾನು.

ಶೋಭಾ ಮಡಚಿದ ಎರಡೂ ನಳಿಕೆಗಳನ್ನು ಬೆಳಕಿಗೆ ಹಿಡಿದು ನೋಡಿದರು. "ಎರಡೂ ಒಂದ ಜಾಗಾದಾಗ ಬಗ್ಗ್ಯಾವ್ರೀ. ಇಲ್ಲಿ ಬೆರಳಗಲ ಎಳಿ ಒತ್ತಾಗಿ ಹಾಕೂಣು. ಗ್ವಾಡಿ ದಪ್ಪ ಮಾಡೂದು ಬ್ಯಾಡ."

ಹಾಗೆಯೇ ಮಾಡಿದೆವು. ತುದಿಯ ಮೆದುತನ ಕೆಡಲಿಲ್ಲ, ರಂಧ್ರ ಕಿರಿದಾಗಲಿಲ್ಲ. ಮುಂದಿನ ವರದಿಯಲ್ಲಿ ಆರಕ್ಕೆ ಆರೂ ಪಾಸು. ಆ ದಿನ ನಾನು ಮತ್ತೆ ಅದೇ ಹಾಲ್‌ಗೆ ಹೋಗಿ ಅದೇ ಹದಿನಾಲ್ಕು ಜನರ ಎದುರು ಹೇಳಿದೆ: "ಶೋಭಾಬಾಯಿ, ತಪ್ಪು ನಂದು. ನಿಮಗ ಅನಬಾರದ್ದು ಅಂದೆ. ಕ್ಷಮಾ ಮಾಡ್ರಿ."

ಅವರು ಕೈ ಒರೆಸಿಕೊಂಡು ಅಂದರು, "ಇರಲಿ ಬಿಡ್ರಿ ಸಾಹೇಬ್ರ. ಆದ್ರ ಮೊದಲ ಪಂಪ್ ನೋಡಬೇಕಿತ್ತು, ಆಮ್ಯಾಲ ಮನಶ್ಯಾರನ್ನ ಬೈಬೇಕಿತ್ತು." ಹಾಲ್ ಗೊಳ್ಳೆಂದು ನಕ್ಕಿತು, ನಾನೂ ನಕ್ಕೆ. ನಿವೃತ್ತಿಯವರೆಗೆ ಆ ಕ್ರಮ ತಪ್ಪಿಸಲಿಲ್ಲ. ನನ್ನ ಕೆಲಸ ನನಗೆ ಕಲಿಸಿದ್ದರಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಅನುಮತಿಗಳೆಲ್ಲ ಮುಗಿದು ನಮ್ಮ ನಳಿಕೆ ಮೊದಲ ಬಾರಿ ಬಳಕೆಯಾದ ಮಧ್ಯಾಹ್ನ ವೈದ್ಯರೊಬ್ಬರ ಫೋನ್ ಬಂತು. ಒಂದೇ ಎಳೆತಕ್ಕೆ ಹೆಪ್ಪು ಪೂರಾ ಬಂದಿತ್ತು. ಬಲಗೈ ಸ್ವಾಧೀನ ತಪ್ಪಿದ್ದ ಹೆಣ್ಣುಮಗಳು ಟೇಬಲ್ ಮೇಲಿದ್ದಾಗಲೇ ಅದೇ ಕೈಯಿಂದ ವೈದ್ಯರ ಬೆರಳು ಹಿಡಿದು ಅಮುಕಿದ್ದರಂತೆ. "ತುದಿ ಭಾಳ ಚಲೋ ಮಾಡೀರಿ, ಸರ್" ಎಂದರು ವೈದ್ಯರು. "ಮಾಡಿದವರಿಗೇ ಕೊಡತೀನಿ, ತಡೀರಿ" ಎಂದು ಹಾಲ್‌ಗೆ ನಡೆದು ಫೋನನ್ನು ಶೋಭಾ ಅವರ ಕೈಗಿಟ್ಟೆ.

ಅವರು ಫೋನ್ ಕಿವಿಗಿಟ್ಟು ಕೇಳಿಸಿಕೊಂಡರು. ಕಣ್ಣು ಒರೆಸಿಕೊಂಡರು. ಆಮೇಲೆ ಇಡೀ ಹಾಲ್‌ಗೆ ಕೇಳುವಂತೆ ಹೇಳಿದರು, "ಹೌದ್ರೀ ಡಾಕ್ಟರ್, ಸುತ್ತಿದಾಕಿ ನಾನ."